ಬಿ.ಪಿ. ಮಿಷನ್ನಿನ ಪೂರ್ತಿ ಹೆಸರು

ತಾಲೂಕು ಆಸ್ಪತ್ರೆಗೆ ಹೊಸದಾಗಿ ಬಂದ ಡಾಕ್ಟರ್ ಶ್ರೀಕಂಠಯ್ಯನವರಿಗೆ ‘ಬಿ.ಪಿ. ಮಿಷನ್’ ಅಂದರೆ ಮೈ ಉರಿಯುತ್ತಿತ್ತು. ಆಯಾ ಪುಟ್ಟಗೌರಮ್ಮನನ್ನು ಕರೆದು ಗದರಿಸಿದರು. “ಸ್ಫಿಗ್ಮೋಮನಾಮಿಟರ್ ಅನ್ನಬೇಕು. ಆರು ತುಂಡು ಮಾಡಿ, ‘ನಾ’ಗೆ ಒತ್ತು ಕೊಟ್ಟು ಹೇಳು. ನಾಳೆ ಹತ್ತು ಸಲ ತಪ್ಪದೆ ಹೇಳದಿದ್ರೆ ಬಟ್ಟೆ ಒಗೆಯೋ ಕಡೆಗೆ ಹಾಕಿಸ್ತೀನಿ.”

ಪುಟ್ಟಗೌರಮ್ಮ ಹೆದರುವ ಆಸಾಮಿಯಲ್ಲ. ಮರುದಿನ ರೋಗಿಗಳ ಎದುರಿಗೇ ಮಿಷನ್ ತಂದು, ಡಾಕ್ಟರ ತೋಳಿಗೇ ಪಟ್ಟಿ ಸುತ್ತಿದಳು.

“ಇದೇನಿದು?”

“ಕೈ ಆಡಿದ್ರೆ ಬಾಯಿ ತಪ್ಪಲ್ಲ ಸಾರ್.”

ಒಂದೊಂದು ತುಂಡಿಗೂ ಒಂದೊಂದು ಸಲ ರಬ್ಬರ್ ಉಂಡೆ ಅದುಮಿದಳು. ಸ್ಫಿಗ್, ಮೋ, ಮ ಅನ್ನುವಾಗ ಮೆತ್ತಗೆ. ‘ನಾ’ ಬಂದಾಗ ಮುಷ್ಟಿ ಬಿಗಿದು. ಮಿ, ಟರ್‌ಗೆ ಮತ್ತೆ ಮೆತ್ತಗೆ. ಒಂದಕ್ಷರ ಜಾರಲಿಲ್ಲ. ಐದನೇ ಸಲಕ್ಕೆ ಡಾಕ್ಟರ ಬೆರಳುಗಳು ಜೋಮು ಹಿಡಿದವು.

“ಸಾಕು, ಬಿಚ್ಚು.”

“ಹತ್ತು ಅಂದಿದ್ರಲ್ಲ ಸಾರ್. ಇನ್ನೂ ಐದಿದೆ.”

“ಅಯ್ಯೋ ಮಾರಾಯ್ತಿ, ಮೊದಲು ಆ ಬಿ.ಪಿ. ಮಿಷನ್ ಬಿಚ್ಚು!”

ಬೆಂಚಿನ ಮೇಲಿದ್ದ ರೋಗಿಗಳೆಲ್ಲ ಡಾಕ್ಟರ ಮುಖ ನೋಡಿದರು. ಪುಟ್ಟಗೌರಮ್ಮ ನಿಧಾನವಾಗಿ ಗಾಳಿ ಬಿಟ್ಟು, ಪಟ್ಟಿ ಮಡಚಿಟ್ಟಳು.

“ಬಿಚ್ಚಿದೆ ಸಾರ್. ನಾಳೆಯಿಂದ ನೀವು ಹೇಳಿದ ಹೆಸರನ್ನೇ ಹೇಳ್ತೀನಿ.”