ಪಂಕ್ತಿ ಎದ್ದ ಮೇಲಿನ ಒಲೆ

ತುಂಗಭದ್ರೆಯ ದಂಡೆಯಲ್ಲಿ ಒಂದು ಆಶ್ರಮ. ಅಲ್ಲಿ ಗುರು ನಿರಂಜನಯ್ಯನವರು ಬೆಳಿಗ್ಗೆ ವಚನ ಹೇಳಿಕೊಡುತ್ತಿದ್ದರು, ಆಮೇಲೆ ಕಂಪ್ಯೂಟರ್ ಕಲಿಸುತ್ತಿದ್ದರು. ಎರಡಕ್ಕೂ ಒಂದೇ ಚಾಪೆ.

ಒಂದು ದಿನ ಶಿಷ್ಯ ಶರಭ ಕುಣಿದುಕೊಂಡು ಬಂದ.

"ಅಪ್ಪಾರ, ಮುಗೀತ್ರಿ! ಇನ್ನ ಡ್ಯಾಮಿನ್ಯಾಗಿಂದ ನೀರು ಬಿಟ್ರ ಹೊಳ್ಯಾಗ ಒಬ್ಬರೂ ಸಿಕ್ಕೊಳ್ಳಂಗಿಲ್ಲ!"

ಅವನು ಮಾಡಿದ್ದು ಇಷ್ಟು. ನೀರು ಏರಿದೊಡನೆ, ಹೊಳೆಯ ಮೇಲ್ಗಡೆಯ ಸೇತುವೆಯ ಹತ್ತಿರದ ಅಳತೆಗಂಬ ದೂರದ ಬಾಡಿಗೆ ಕಂಪ್ಯೂಟರಿಗೆ, ಜನ ಕ್ಲೌಡ್ ಅನ್ನುತ್ತಾರಲ್ಲ ಅದಕ್ಕೆ, ಸುದ್ದಿ ಕೊಡುತ್ತದೆ. ಅಲ್ಲಿ ಕೂತ ಶರಭನ ಪ್ರೋಗ್ರಾಂ ಫೋನ್ ಕಂಪನಿಯ ವೆಬ್ ಸರ್ವಿಸನ್ನು ಕರೆಯುತ್ತದೆ. ಆಗ ಹೊಳೆಯಲ್ಲಿ ಕೆಲಸ ಮಾಡುವವರ ಫೋನುಗಳೆಲ್ಲ ಹೊಡೆದುಕೊಳ್ಳಬೇಕು.

"ಅಷ್ಟೂ ಮಂದಿಗೆ ಹೇಳೂತನ ಕಂಬ ಕಾಯಬೇಕಾಗ್ತೈತಲ್ಲೋ ತಮ್ಮಾ?" ಗುರುಗಳು ಕೇಳಿದರು.

"ಅದಕ್ಕ ಉಪಾಯ ಹೂಡೀನ್ರಿ! ಕಂಬಕ್ಕ ಮೊದಲ 'ಆತು' ಅಂತ ಹೇಳಿ ಕಳಿಸಿಬಿಡೋದು. ಫೋನ್ ಮಾಡೋದು ಹಿಂದ ಬ್ಯಾಕ್‌ಗ್ರೌಂಡ್ ಥ್ರೆಡ್‌ನ್ಯಾಗ ಅಂದ್ರ ಬ್ಯಾರೆ ಎಳಿಯೊಳಗ, ತನ್ನಷ್ಟಕ್ಕ ನಡೀತೈತಿ. ಕಾಯೋ ಮಾತ ಇಲ್ಲ!"

"ಭಾರಿ ಅವಸರದ ಕಂಬ," ಎಂದರು ಗುರುಗಳು.

ಆಶ್ರಮದ ಕಂಪ್ಯೂಟರಿನಲ್ಲಿ ಎಲ್ಲ ಸರಿಯಾಗಿ ನಡೆದಿತ್ತು. ಈಗ ಕ್ಲೌಡಿಗೆ ಏರಿಸಿ ಗುರುಗಳ ಎದುರಿಗೇ ಓಡಿಸಿದ. 'ಆತು' ಅಂತ ಉತ್ತರ ಥಟ್ಟನೆ ಬಂತು. ಫೋನು ಮಾತ್ರ ಒಂದೂ ಉಸಿರೆತ್ತಲಿಲ್ಲ. ಮತ್ತೆ ಓಡಿಸಿದ. ಅದೇ ಕಥೆ.

ಅಷ್ಟರಲ್ಲಿ ಡ್ಯಾಮಿನ ಕಡೆಯಿಂದ ಸುದ್ದಿ ಬಂತು: ಇವತ್ತು ಇಳಿಹೊತ್ತಿನೊಳಗೆ ಗೇಟು ಎತ್ತುತ್ತಾರೆ.

ಶರಭ ಗುರುಗಳ ಕಡೆ ತಿರುಗಿದ. "ಅಪ್ಪಾರ, ತಪ್ಪು ಎಲ್ಲೈತ್ರಿ? ಲಗೂನ ಹೇಳ್ರಿ!"

"ಅಡಿಗಿಮನಿಗೆ ಹೋಗು. ಒಲಿಮ್ಯಾಲೆ ಸಜ್ಜಕ ಇಟ್ಟು ಪಂಕ್ತಿಗೆ ಬಾ."

"ಈಗ ರವಾ ಬೆಲ್ಲದ ಸಜ್ಜಕಾ?"

"ಈಗ."

ಇಟ್ಟ. ಊಟದ ಪಂಕ್ತಿಯಲ್ಲಿ ಉಳಿದವನು ಅವನೊಬ್ಬನೇ. ಗಬಗಬ ನುಂಗಿ ತಾಟು ಎತ್ತಿಕೊಂಡು ಎದ್ದ. ಎದ್ದದ್ದೇ ತಡ, ಅಡುಗೆಯ ಶಾಂತವೀರಮ್ಮ ಒಲೆಗೆ ಚರಕ್ಕನೆ ನೀರು ಹಾಕಿದಳು.

"ಯವ್ವಾ, ನನ್ನ ಸಜ್ಜಕ! ಇನ್ನೂ ಬೆಂದಿಲ್ಲ!"

"ನೀನ ಎದ್ದಿಯಲ್ಲಪಾ. ಕಡೇ ತಾಟು ಎದ್ದಮ್ಯಾಲೆ ಇಲ್ಲಿ ಒಲಿ ಆರಸೋದು ಪದ್ಧತಿ. ಯಾರ ಸಲುವಾಗಿ ಉರಿಸಲಿ, ನಿನ್ನ ಗಡ್ಡದ ಸಲುವಾಗಿ?"

ಹೊಗೆಯಲ್ಲಿ ಶರಭ ಕಣ್ಣು ಪಿಳಿಪಿಳಿ ಬಿಟ್ಟ. ಆಮೇಲೆ ಕೂಗಿಯೇ ಬಿಟ್ಟ.

"ಅಪ್ಪಾರ! ನಮ್ಮ ಕಂಪ್ಯೂಟರ್ ದಿನಾಪೂರ್ತಿ ಎಚ್ಚರ ಇರ್ತೈತಿ. ಬಾಡಿಗಿದು ಹಂಗಲ್ಲ! 'ಆತು' ಅಂದಕೂಡ್ಲೆ ಬಂದೋರು ಎದ್ದ್ರು ಅಂತ ತಿಳಕೊಂಡು ಮಲಗಿಬಿಡ್ತೈತಿ. ಹಿಂದಿನ ಥ್ರೆಡ್ ಅರ್ಧಕ್ಕ ನಿಂತುಬಿಡ್ತೈತಿ!"

ಗುರುಗಳು ಕೈ ತೊಳೆಯುತ್ತಿದ್ದರು. "ಹಂಗಾರ ಕಂಬಾನ್ನ ಕೂಡ್ರಿಸು. ಅದು ಎಲ್ಲಿಗೆ ಹೋಗೋದೈತಿ?"

ಶರಭ ಓಡಿದ. ಮೇಲಿದ್ದ 'ಆತು'ವನ್ನು ಎಲ್ಲಕ್ಕಿಂತ ಕೆಳಗಿನ ಸಾಲಿಗೆ ಇಳಿಸಿದ. ಥ್ರೆಡ್ ತೆಗೆದುಹಾಕಿದ. ಪ್ರತಿಯೊಬ್ಬರ ಉತ್ತರ ಕೇಳಿಸಿಕೊಂಡೇ ಮುಂದೆ ಹೋಗುವಂತೆ ಮಾಡಿದ. ಯಾರಾದರೂ ಸಿಗದೆ ಹೋದರೆ, ತಾನೇ ಗುಂಡಿ ಒತ್ತುವ ತನಕ 'ಆತು' ಅನ್ನಬಾರದು ಅಂತಲೂ ಬರೆದ. ಕ್ಲೌಡಿಗೆ ಏರಿಸಿ ಇನ್ನೂ ಉಸಿರು ಬಿಟ್ಟಿರಲಿಲ್ಲ, ಸೇತುವೆಗೆ ನೀರು ಬಂದೇಬಿಟ್ಟಿತು.

ದಂಡೆಯುದ್ದಕ್ಕೂ ಫೋನುಗಳು ಗಣಗಣ ಎಂದವು! ಬಟ್ಟೆ ಒಗೆಯುವವರು ಗಂಟು ಹೊತ್ತು ಓಡಿದರು. ಮೀನುಗಾರರು ಬಲೆ ಎಳೆದುಕೊಂಡರು. ಶರಭ ನಿಂತಲ್ಲೇ ಜಿಗಿದ.

"ಮುಟ್ಟೇತಿ! ಅಪ್ಪಾರ, ಮುಟ್ಟೇತಿ!"

"ಎಲ್ಲಾರಿಗೂ?"

ಪರದೆಯ ಮೇಲೆ ಒಂದು ಹೆಸರು ಕೆಂಪಗಿತ್ತು. ಹುಲಿಗೆವ್ವ. ಫೋನು ಬಂದ್ ಆಗಿದೆ. ನಡುಗಡ್ಡೆಯ ಮರಳಿನಲ್ಲಿ ಕಲ್ಲಂಗಡಿ ಬೆಳೆದ ಮುದುಕಿ ಅವಳು.

ಗುರುಗಳು ಆಗಲೇ ಗೋಡೆಯ ಜಾಗಟೆ ಇಳಿಸಿಕೊಂಡಿದ್ದರು. ಶರಭ ಲ್ಯಾಪ್‌ಟಾಪನ್ನು ಕಂಕುಳಲ್ಲಿ ಅವುಚಿಕೊಂಡು ಬೆನ್ನಿಗೇ ಓಡಿದ. ಇಬ್ಬರೂ ನೀರಿನ ಅಂಚಿಗೆ ನಿಂತರು. ಒಬ್ಬರು ಬಡಿದರು, ಒಬ್ಬ ಕೂಗಿದ.

"ಹುಲಿಗೆವ್ವಾ! ನೀರು ಬಿಟ್ಟಾರ! ಹರಿಗೋಲು ಹತ್ತು!"

ಬಳ್ಳಿಯ ನಡುವಿನಿಂದ ಒಂದು ತಲೆ ಎದ್ದಿತು. "ಕೇಳಸ್ತು ಬಿಡ್ರೋ! ಹೆಣಾ ಎತ್ತಾಕ ಬಂದೋರಂಗ ಬಡೀತೀರಿ!"

ಬೈಯುತ್ತಲೇ ಹರಿಗೋಲು ಹತ್ತಿದಳು. ಬೈಯುತ್ತಲೇ ಹುಟ್ಟು ಹಾಕಿದಳು. ಅವಳ ಬೆನ್ನ ಹಿಂದೆ ಕೆಂಪು ನೀರು ಮರಳನ್ನು ನುಂಗಿತು. ಬಳ್ಳಿಗಳೂ ಹೋದವು. ಹರಿಗೋಲು ಗಿರಗಿರ ತಿರುಗಿತು, ವಾಲಿತು, ಮತ್ತೆ ನೆಟ್ಟಗಾಯಿತು. ಕಡೆಗೆ ಮೆಟ್ಟಿಲಿಗೆ ಬಂದು ಬಡಿಯಿತು. ಹುಲಿಗೆವ್ವ ಕಲ್ಲಿನ ಮೇಲೆ ಒಂದು ಕಾಲಿಟ್ಟಳು; ಇನ್ನೊಂದು ಹರಿಗೋಲಿನಲ್ಲೇ ಇತ್ತು.

ಶರಭ ನಗುತ್ತಿದ್ದನೋ ಅಳುತ್ತಿದ್ದನೋ ಅವನಿಗೇ ಗೊತ್ತಿರಲಿಲ್ಲ. ಲ್ಯಾಪ್‌ಟಾಪ್ ತೆರೆದು ಗುಂಡಿಯ ಮೇಲೆ ಬೆರಳಿಟ್ಟ.

"ಅಪ್ಪಾರ, ಕಂಬ ಇನ್ನೂ ಕಾಯಾಕತ್ತೈತಿ. 'ಆತು' ಅನ್ಲೇನ್ರಿ?"

ಗುರುಗಳು ಮುದುಕಿಯ ಕಡೆ ಕೈ ಚಾಚಿದ್ದರು. ತಿರುಗಿ ನೋಡಲಿಲ್ಲ.

"ತಡಿ. ಆಕಿ ಇನ್ನೊಂದು ಕಾಲು ಎತ್ತಲಿ."