ಆಸರೆಮನೆಯ ಹೊಸ್ತಿಲು

ಕಾಳ್ಗಿಚ್ಚಿನಿಂದ ಪಾರಾಗಲು ಕಾಡಿನ ಪ್ರಾಣಿಗಳು ಒಂದೂ ಮರ ಕಡಿಯದೆ, ಕಲ್ಲುಮಣ್ಣಿನಲ್ಲೇ ಎಲ್ಲರಿಗೂ ಸೇರಿದ ಆಸರೆಮನೆಯೊಂದನ್ನು ಕಟ್ಟಿದವು. ಕೆಲಸ ಮುಗಿದ ಮೇಲೆ ಹಿರಿಯ ಆನೆ ಕೆರೆಯಂಚಿನ ಮುದಿ ಆಮೆಯನ್ನು ಕರೆಸಿ, "ನಿಮ್ಮವರ ಅಭಿಪ್ರಾಯ ಹೇಳಮ್ಮ" ಎಂದಿತು.

"ಹೊಸ್ತಿಲು ಎತ್ತರವಾಯಿತು ಒಡೆಯ, ನಾವು ಹತ್ತಲಾರೆವು."

"ಮೊದಲೇ ಹೇಳಬೇಕಿತ್ತು."

"ಮೊದಲು ನಮ್ಮನ್ನು ಯಾರೂ ಕರೆಯಲಿಲ್ಲ."

"ಈಗ ಕರೆದೆವಲ್ಲ!" ಎಂದು ಆನೆ ಸಭೆ ಮುಗಿಸಿತು.

ಆ ಬೇಸಿಗೆಯಲ್ಲೇ ಕಾಡಿಗೆ ಬೆಂಕಿ ಬಿತ್ತು. ಕೆರೆ ಬತ್ತಿದ್ದರಿಂದ ಆಮೆಗಳೆಲ್ಲ ಆಸರೆಮನೆಯವರೆಗೆ ತೆವಳಿಕೊಂಡು ಬಂದವು. ಹೊಸ್ತಿಲು ಹತ್ತಲಾಗದೆ ಅವು ಒದ್ದಾಡುತ್ತಿರುವಾಗಲೇ, ಒಳಗಿದ್ದ ಪ್ರಾಣಿಗಳು ಹೊಗೆಗೆ ಹೆದರಿ ಬಾಗಿಲು ಹಾಕಿಕೊಂಡವು.

ಬೆಂಕಿ ಆರಿದ ಮೇಲೆ ಬಾಗಿಲು ತೆರೆದ ಜಿಂಕೆ, ಹೊಸ್ತಿಲಿಗೆ ಒತ್ತಿಕೊಂಡೇ ಸುಟ್ಟುಹೋಗಿದ್ದ ಚಿಪ್ಪುಗಳನ್ನು ಕಂಡಿತು.

ಹಿಂದೆಯೇ ಬಂದ ಆನೆ, "ಇವತ್ತೇ ಇಲ್ಲೊಂದು ಇಳಿಜಾರು ಕಟ್ಟಿಸೋಣ" ಎಂದಿತು.

"ಯಾರಿಗೆ?" ಎಂದು ಜಿಂಕೆ ಕೇಳಿತು.