ಪಟದ ಮೋನಪ್ಪನ ಬಲಗಾಲು

ಯಾವ ಕಾಲ ಅಂತ ಕೇಳಬೇಡಿ. ಹೇಳಿದವರಿಗೂ ಗೊತ್ತಿರಲಿಲ್ಲ, ಅವರಿಗೆ ಹೇಳಿದವರಿಗೂ ಗೊತ್ತಿರಲಿಲ್ಲ. ಬಹಳ ಹಿಂದೆ, ಎರೆಮಣ್ಣಿನ ಸೀಮೆಯಲ್ಲಿ, ಹಳ್ಳದ ದಂಡೆಯ ಒಂದು ಊರಿನಲ್ಲಿ ಮೋನಪ್ಪ ಅಂತ ಒಬ್ಬನಿದ್ದ. ಹೊಲದವರು ಹೊಲಕ್ಕೆ ಹೋಗುತ್ತಿದ್ದರು, ಕಮ್ಮಾರ ಕುಲುಮೆ ಊದುತ್ತಿದ್ದ, ಮೋನಪ್ಪ ಮಾತ್ರ ತನ್ನ ಪಟ ತಾನೇ ತೆಗೆದುಕೊಳ್ಳುತ್ತ ಕೂತಿರುತ್ತಿದ್ದ ಅಂತಾರೆ.

ಮೊದಲು ಅವನು ನಾಟಕದ ಕಂಪನಿಯಲ್ಲಿ ಹೆಣ್ಣು ವೇಷ ಹಾಕುತ್ತಿದ್ದನಂತೆ. ರಾಣಿಯಾಗಿ ಬಂದರೆ ಊರ ಹೆಂಗಸರು ಅವನ ಸೀರೆ ಉಡುವ ರೀತಿ ನೋಡಿ ಕಲಿಯುತ್ತಿದ್ದರಂತೆ. ರಾಣಿಯ ವಾಲೆ ಬಲು ಭಾರ. ಅದನ್ನು ತೂಗಿಸಿ ತೂಗಿಸಿ ಎಡಗಿವಿಯ ಹಾಲೆ ಹರಿದು ಎರಡಾಗಿತ್ತು. ಕಂಪನಿ ಮುಳುಗಿದ ದಿನ ಯಾರ ಕೈಗೆ ಏನು ಸಿಕ್ಕಿತೋ ಅದನ್ನು ಎತ್ತಿಕೊಂಡು ನಡೆದರು. ಒಬ್ಬ ಹಾರ್ಮೋನಿಯಂ, ಇನ್ನೊಬ್ಬ ಸಿಂಹಾಸನ, ಮೋನಪ್ಪ ಕ್ಯಾಮೆರಾ. ಕೆಲವರು ಅವನು ಸಿಂಹಾಸನಕ್ಕೇ ಕೈ ಹಾಕಿದ್ದ, ಕತ್ತಲೆಯಲ್ಲಿ ತಪ್ಪಿ ಕ್ಯಾಮೆರಾ ಬಂತು ಅಂತಾರೆ. ಹಾಗೂ ಇದ್ದೀತು. ಊರಿಗೆ ಬಂದವನು ಕಿವಿ ಮುಚ್ಚುವ ಕೆಂಪು ಕುಲಾಯಿ ಹಾಕಿಕೊಂಡ. ಆಮೇಲೆ ಬೀದಿಯಲ್ಲಿ ಅವನ ಕಿವಿಯನ್ನು ಯಾರೂ ನೋಡಲಿಲ್ಲ.

ಕ್ಯಾಮೆರಾ ಬಂತು, ಆದರೆ ಅದರ ಮುಂದೆ ಕೂರುವವರು ಯಾರು? ಪಟ ತೆಗೆಸಿಕೊಂಡರೆ ಆಯುಷ್ಯ ಸವೆಯುತ್ತದೆ ಅಂತ ಊರಿಗೆ ಊರೇ ನಂಬಿತ್ತು. ಮೋನಪ್ಪ ಕರೆದ, ಕಾಡಿದ, ಚಹಾ ಕುಡಿಸಿದ. ಚಹಾ ಕುಡಿದು ಎದ್ದು ಹೋದರು. ಕೊನೆಗೆ ಅವನು ಒಂದು ಉಪಾಯ ಹೂಡಿದ. ಬರದವರು ಬರುವುದು ಬೇಡ, ಅವರೆಲ್ಲ ನಾನೇ ಆಗುತ್ತೇನೆ ಅಂತ ಕೂತ.

ಮಾಡುವ ರೀತಿ ಹೀಗಿತ್ತು ಅಂತಾರೆ. ಕುರ್ಚಿಯ ಮೇಲೆ ಕಸಬರಿಗೆ ನಿಲ್ಲಿಸಿ ಅದಕ್ಕೊಂದು ರುಮಾಲು ಸುತ್ತುತ್ತಿದ್ದ. ಕರಿ ಬಟ್ಟೆಯೊಳಗೆ ತಲೆ ತೂರಿಸಿ ಕಸಬರಿಗೆ ನಿಚ್ಚಳವಾಗಿ ಕಾಣುವಂತೆ ಕ್ಯಾಮೆರಾ ಹದ ಮಾಡುತ್ತಿದ್ದ. ಆಮೇಲೆ ಕಸಬರಿಗೆ ತೆಗೆದು ತಾನು ಕೂರುತ್ತಿದ್ದ. ಕ್ಯಾಮೆರಾದಿಂದ ಒಂದು ಉದ್ದನೆ ರಬ್ಬರ್ ನಳಿಕೆ ಚಾಪೆಯಡಿ ಹಾದು ಬರುತ್ತಿತ್ತು, ಅದರ ತುದಿಗೆ ನಿಂಬೆಹಣ್ಣಿನಷ್ಟು ದಪ್ಪದ ರಬ್ಬರ್ ಬುರುಡೆ. ಅದನ್ನು ಒತ್ತಿದರೆ ಪಟ ಬೀಳುತ್ತಿತ್ತು. ಕೈಯಲ್ಲಿ ಹಿಡಿದರೆ ಪಟದಲ್ಲಿ ಕಾಣುತ್ತದಲ್ಲ, ಅದಕ್ಕೆ ಬಲಗಾಲಿನ ಅಡಿ ಇಟ್ಟುಕೊಂಡು, ಕಾಲಿನ ಮೇಲೆ ಪಂಜೆಯೋ ಸೀರೆಯೋ ಇಳಿಬಿಟ್ಟು ಒತ್ತುತ್ತಿದ್ದ. ಹಾಗಾಗಿ ಮೋನಪ್ಪನ ಯಾವ ಪಟದಲ್ಲೂ ಬಲಗಾಲು ಕಾಣುವುದಿಲ್ಲ.

ಗೌಡನಾಗಿ ಕೂತ. ಮೊಸರು ಮಾರುವವಳಾಗಿ ಕೂತ. ಹಲ್ಲುನೋವಿನವನಾಗಿ ಕೂತ, ನೋಡಿದವರು ತಮ್ಮ ದವಡೆ ಮುಟ್ಟಿಕೊಂಡರಂತೆ. ಪಟಗಳನ್ನು ಅಂಗಡಿ ಮುಂದೆ ಸಾಲಾಗಿ ತೂಗಿಬಿಟ್ಟ. ಗೌಡ ಒಂದು ದಿನ ಆ ಹಾದಿಯಲ್ಲಿ ಬಂದವನು ತನ್ನ ಪಟ ತಾನೇ ಕಂಡು, ಯಾರೋ ದೊಡ್ಡವರು ಕೂತಿದ್ದಾರೆ ಅಂತ ಕೈ ಮುಗಿದು ಮುಂದೆ ಹೋದನಂತೆ. ಎತ್ತಾಗಿ ಕೂತ ಪಟವೂ ಒಂದಿತ್ತು ಅಂತಾರೆ, ಎತ್ತಿನ ಒಡೆಯ ಬಂದು ಇದು ನಮ್ಮ ಬಿಳಿಯನೇ ಅಂತ ಗುರುತು ಹಿಡಿದನಂತೆ. ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು.

ಹೀಗಿರುವಾಗ ದುಂಡವ್ವ ಬಂದಳು. ಅವಳ ಗಂಡ ಭರಮಪ್ಪ ತೀರಿಕೊಂಡು ಬಹಳ ದಿನವಾಗಿರಲಿಲ್ಲ. ಹಿರಿಯರ ಹಬ್ಬಕ್ಕೆ ಪೇಟೆಯ ಮನೆಗಳಲ್ಲಿ ಗೋಡೆಗೆ ಪಟ, ಪಟಕ್ಕೆ ಮಾಲೆ. ಇವಳ ಮನೆಯಲ್ಲಿ ಬರೀ ಒಂದು ತೆಂಗಿನಕಾಯಿ. ತೆಂಗಿನಕಾಯಿಯನ್ನು ನೋಡಿ ಗಂಡನನ್ನು ನೆನೆಯುವುದು ಅವಳಿಗೆ ಸಾಕಾಗಿಹೋಗಿತ್ತು. ಗಂಡನ ರುಮಾಲು, ಕಂಬಳಿ ಕಂಕುಳಲ್ಲಿ ಇಟ್ಟುಕೊಂಡು ಬಂದು ಕುರ್ಚಿಯ ಮೇಲೆ ಹಾಕಿದಳು.

ಸತ್ತವರ ಪಟ ಬರುವುದಿಲ್ಲ, ಕ್ಯಾಮೆರಾಕ್ಕೆ ಎದುರಿಗೆ ಮನುಷ್ಯ ಬೇಕು ಅಂತ ಮೋನಪ್ಪ ತಿಳಿಸಿ ಹೇಳಿದ.

"ಗೌಡಪ್ಪ ಆದಿ, ಮೊಸರವ್ವ ಆದಿ, ಎತ್ತೂ ಆದಿ," ಅಂದಳು ದುಂಡವ್ವ. "ನಮ್ಮನಿಯವರೊಬ್ಬರು ಆಗಾಕ ನಿನಗೇನು ಧಾಡಿ?"

"ಯಕ್ಕಾ, ನಾ ಭರಮಣ್ಣನ್ನ ಸರೀಗೆ ಕಂಡಿಲ್ಲಲ್ಲ."

"ನಾ ಕಂಡೀನಿ. ನಾ ಹೇಳ್ತೀನಿ, ನೀ ಕೂಡು."

ಮೋನಪ್ಪ ಕುಲಾಯಿ ತೆಗೆದು ರುಮಾಲು ಸುತ್ತಿದ, ಮೀಸೆ ಅಂಟಿಸಿದ, ಕಂಬಳಿ ಹೊದ್ದ, ಕೂತ. ದುಂಡವ್ವ ಕ್ಯಾಮೆರಾದ ಪಕ್ಕ ನಿಂತು ಹೇಳುತ್ತ ಹೋದಳು. ಹೆಗಲು ಇಳಿಸು ಅಂದಳು. ಅಷ್ಟು ಬೇಡ, ಅವರೇನು ಚೀಲ ಹೊತ್ತವರಲ್ಲ ಅಂದಳು. ಕಣ್ಣು ದೂರ ಇಡು ಅಂದಳು. ಅಷ್ಟು ದೂರ ಅಲ್ಲ, ಕೊಟ್ಟಿಗೆಯಷ್ಟು ದೂರ, ದನ ಹಗ್ಗ ಬಿಚ್ಚಿಕೊಂಡಿತೇನೋ ಅನ್ನುವ ಹಾಗೆ ಅಂದಳು. ಮೋನಪ್ಪ ಎತ್ತಿದ, ಇಳಿಸಿದ, ನೋಡಿದ. ಆಗಲಿಲ್ಲ. ಆಮೇಲೆ ದುಂಡವ್ವ, ಅವರು ಸಾರಿಗೆ ಉಪ್ಪು ಸಾಲದು ಅಂತ ಬಾಯಿಬಿಟ್ಟು ಹೇಳುತ್ತಿರಲಿಲ್ಲ, ತಾಟಿನ ಕಡೆ ಒಮ್ಮೆ ನೋಡಿ ಸುಮ್ಮನಾಗುತ್ತಿದ್ದರು ಅಂದಳು.

ಮೋನಪ್ಪ ಕೆಳಗೆ ನೋಡಿದ, ತಲೆ ಎತ್ತಿದ, ಸುಮ್ಮನಾದ.

ದುಂಡವ್ವನ ಕೈ ತನಗೆ ತಾನೇ ಹೋಗಿ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಿತು. ಅದನ್ನು ಕಂಡ ಕೂಡಲೇ ಮೋನಪ್ಪ ಕಾಲಡಿಯ ಬುರುಡೆ ಒತ್ತಿದ.

ಪಟ ಗೋಡೆ ಏರಿತು. ಇದು ನಮ್ಮಿಬ್ಬರ ನಡುವೆಯೇ ಇರುತ್ತದೆ ಅಂತ ಮೋನಪ್ಪ ಮಾತು ಕೊಟ್ಟ. ಆದರೂ ಅಂಥ ಸುದ್ದಿ ಹೆಂಗೋ ಹರಿದಾಡುತ್ತದೆ. ಒಬ್ಬೊಬ್ಬರೇ, ಉಳಿದವರಿಗೆ ತಿಳಿಯದ ಹಾಗೆ, ಕಂಕುಳಲ್ಲಿ ರುಮಾಲು ಸೀರೆ ಇಟ್ಟುಕೊಂಡು ಬರತೊಡಗಿದರು. ಮೋನಪ್ಪ ಒಬ್ಬರಿಗೆ ಅಪ್ಪನಾದ, ಒಬ್ಬರಿಗೆ ಅತ್ತೆಯಾದ, ಒಬ್ಬರಿಗೆ ಬಾಣಂತನದಲ್ಲಿ ಹೋದ ತಂಗಿಯಾದ. ಹಳ್ಳದ ಆಚೆಯ ಊರಿನವರೂ ಬಂದರು. ಎದುರಿಗೆ ನಿಂತವರ ಕೈಯೋ ಕಣ್ಣೋ ಗುರುತು ಹಿಡಿಯುವ ತನಕ ಕಾಯುತ್ತಿದ್ದ, ಆಮೇಲೆ ಒತ್ತುತ್ತಿದ್ದ. ಎಲ್ಲರಿಗೂ ಅದೇ ಮಾತು ಕೊಡುತ್ತಿದ್ದ. ಪ್ರತಿಯೊಂದು ಮನೆಯೂ ತಾನೊಂದೇ ಹೀಗೆ ಮಾಡಿಸಿದ್ದು ಅಂತ ತಿಳಿದಿತ್ತು.

ಬಣ್ಣ ಬಳಿದರೆ ಮೂಗು ಬದಲಾದೀತು, ಹರಿದ ಕಿವಿ ಬದಲಾಗಲಿಲ್ಲ. ಮನೆಯ ಮಕ್ಕಳು ಬೆಳೆದು ಪಟದ ಕಿವಿ ತೋರಿಸಿ ಕೇಳುತ್ತಿದ್ದರು. ಏನಾದರೂ ಹೇಳಬೇಕಲ್ಲ. ದುಂಡವ್ವ, ಕಳ್ಳರು ಕಿವಿಯ ಒಂಟಿ ಕಿತ್ತರು, ನಿಮ್ಮಜ್ಜ ಒಬ್ಬನೇ ಅವರನ್ನು ಓಡಿಸಿದ ಅಂದಳು. ಗೌಡನ ಮನೆಯಲ್ಲಿ ಹುಲಿ ಹರಿಯಿತು. ಇನ್ನೊಂದು ಮನೆಯಲ್ಲಿ ಹೋರಿ. ಹೀಗೆ ಊರಿನ ಹಿರಿಯರೆಲ್ಲ ಸತ್ತ ಮೇಲೆ ಶೂರರಾದರು ಅಂತಾರೆ.

ಕಾಲ ಹೋಯಿತು. ಮೋನಪ್ಪನ ತಲೆ ಬೆಳ್ಳಗಾಯಿತು. ದುಂಡವ್ವನ ಮೊಮ್ಮಗಳು ನೀಲವ್ವ ಮದುವೆಯ ವಯಸ್ಸಿಗೆ ಬಂದಳು. ಹಳ್ಳದ ಆಚೆಯ ಅಡಿವೆಪ್ಪನ ಮಗನ ಜೊತೆ ಮಾತು ಕೂಡಿತು. ಹುಡುಗ ಹುಡುಗಿ ಇಬ್ಬರಿಗೂ ಮನಸ್ಸಿತ್ತು, ಹಳ್ಳದಲ್ಲಿ ನೀರು ತರುವಾಗಲೇ ಅದು ಕೂಡಿತ್ತು ಅಂತಾರೆ. ಎಲೆ ಅಡಿಕೆ ಹಿಡಿಯುವ ದಿನ ಅಡಿವೆಪ್ಪ ನೆಂಟರನ್ನು ಕಟ್ಟಿಕೊಂಡು ಬಂದು ಪಡಸಾಲೆಯಲ್ಲಿ ಕೂತ. ಅವನ ಮೀಸೆ ದೊಡ್ಡದು, ದನಿ ಅದಕ್ಕಿಂತ ದೊಡ್ಡದು. ತಲೆ ಎತ್ತಿದವನು ಗೋಡೆಯ ಪಟ ನೋಡಿದ. ಎದ್ದು ಹತ್ತಿರ ಹೋಗಿ ಕಿವಿ ನೋಡಿದ.

"ಇದು ನಮ್ಮಪ್ಪನ ಪಟ," ಅಂದ. "ನಿಮ್ಮ ಮನ್ಯಾಗ ಹೆಂಗ ಬಂತು?"

ಇದು ನಮ್ಮ ಹುಡುಗಿಯ ಅಜ್ಜ ಅಂತ ಇವರು ಅಂದರು. ನಮ್ಮ ಮನೆಯಲ್ಲೂ ಇದೇ ಮುಖ, ಇದೇ ಕಿವಿ, ಕುಸ್ತಿಯಲ್ಲಿ ಹರಿದ ಕಿವಿ ಅಂತ ಅವನು ಅಂದ. ಅಪ್ಪ ಸತ್ತಾಗ ಅಡಿವೆಪ್ಪ ಅಂಗಳದಲ್ಲಿ ಮಣ್ಣು ತಿನ್ನುವ ಕೂಸು. ಅವನಿಗೆ ಅಪ್ಪ ಅಂದರೆ ಪಟವೇ. ನೆಂಟರು ಒಬ್ಬರ ಮುಖ ಒಬ್ಬರು ನೋಡಿಕೊಂಡರು, ಲೆಕ್ಕ ಹಾಕಿದರು. ಭರಮಪ್ಪ ಹಳ್ಳದ ಎರಡೂ ದಂಡೆಗೆ ಮನೆ ಮಾಡಿದ್ದ ಅಂತ ತೀರ್ಮಾನವಾಯಿತು. ಹಾಗಾದರೆ ಇವೆರಡು ಅಣ್ಣತಮ್ಮಂದಿರ ಮನೆಗಳು. ಹುಡುಗ ಹುಡುಗಿ ಅಣ್ಣ ತಂಗಿ. ಮದುವೆ ಎಲ್ಲಿಯದು? ಎಲೆ ಅಡಿಕೆ ತಟ್ಟೆಯಲ್ಲೇ ಉಳಿಯಿತು. ಸತ್ತ ತಾಯಿಯ ಮೇಲೆ ಮಾತು ಬಂತಲ್ಲ ಅಂತ ಅಡಿವೆಪ್ಪ ಕೆಂಡವಾದ. ಪಂಚರು ಕೂಡಲಿ, ಸಂಜೆಯೊಳಗೆ ಇತ್ಯರ್ಥವಾಗಲಿ ಅಂತ ಅಂಗಳದಲ್ಲಿ ಕೂತುಬಿಟ್ಟ.

ದುಂಡವ್ವನಿಗೆ ಎಲ್ಲ ಗೊತ್ತು. ಆದರೆ ಅದು ಮೋನಪ್ಪ ಅಂತ ಬಾಯಿ ಬಿಟ್ಟರೆ, ಇಷ್ಟು ದಿನ ಪರ ಗಂಡಸಿಗೆ ಮಾಲೆ ಹಾಕಿದೆಯಾ ಅಂತ ಊರು ಕೇಳುತ್ತದೆ. ಬಿಡದಿದ್ದರೆ ಗಂಡ ಎರಡು ಮನೆಯವನಾಗುತ್ತಾನೆ. ಅವಳು ಹಿತ್ತಲಿನಿಂದ ಹೊರಟು ಮೋನಪ್ಪನ ಅಂಗಡಿಗೆ ಹೋದಳು.

ಮೋನಪ್ಪ ಕೇಳಿ ಕುಲಾಯಿಯನ್ನು ಕಿವಿಯ ಮೇಲೆ ಎಳೆದುಕೊಂಡ. "ಬಾಯಿ ಬಿಟ್ಟರ ಊರಾಗಿನ ಪಟ ಎಲ್ಲಾ ಇಳೀತಾವು, ಯಕ್ಕಾ," ಅಂದ. "ನಾ ಎಲ್ಲಾರಿಗೂ ಮಾತು ಕೊಟ್ಟೀನಿ."

"ಬಿಡದಿದ್ದರ ಹುಡುಗಿ ಮನ್ಯಾಗ ಉಳೀತಾಳ," ಅಂದಳು ದುಂಡವ್ವ.

ಮೋನಪ್ಪ ಎದ್ದ. ಬಣ್ಣದ ಚೀಲ ಹೆಗಲಿಗೆ ಹಾಕಿಕೊಂಡ, ಕುರ್ಚಿ ತಲೆಯ ಮೇಲೆ ಇಟ್ಟುಕೊಂಡ, ನಡೆದ.

ಅಂಗಳದಲ್ಲಿ ಊರೆಲ್ಲ ಕೂಡಿತ್ತು. ಮದುವೆ ಆಗುವುದನ್ನು ನೋಡುವವರಿಗಿಂತ ಮುರಿಯುವುದನ್ನು ನೋಡುವವರು ಯಾವಾಗಲೂ ಜಾಸ್ತಿ. ಮೋನಪ್ಪ ನಟ್ಟನಡುವೆ ಕುರ್ಚಿ ಇಟ್ಟ. ಅಡಿವೆಪ್ಪ, ಈ ಮುದುಕನನ್ನು ಕರೆದವರು ಯಾರು, ನಮಗೆ ಪಟ ಬೇಡ ಅಂದ. ಮೋನಪ್ಪ ಕೇಳದವನ ಹಾಗೆ ಕೂತು, ಕನ್ನಡಿ ನೋಡಿ ಮುಖಕ್ಕೆ ಬಣ್ಣ ಹಚ್ಚಿದ, ಕರಿ ಮೀಸೆ ಅಂಟಿಸಿದ. ಆಮೇಲೆ ಕುಲಾಯಿ ತೆಗೆದ.

ಹರಿದ ಕಿವಿ ಬಿಸಿಲಿಗೆ ಬಂತು.

ಅಡಿವೆಪ್ಪನ ತಾಯಿ ಹಿಂದೊಮ್ಮೆ ಕ್ಯಾಮೆರಾದ ಪಕ್ಕ ನಿಂತು ಹೇಳಿದ್ದು ಮೋನಪ್ಪನಿಗೆ ನೆನಪಿತ್ತು. ನಮ್ಮವರು ಕೂಸಿಗೆ ಕೈ ಎತ್ತಿದವರಲ್ಲ ಅಂದಿದ್ದಳು ಆಕೆ. ಅದು ಮಣ್ಣು ತಿನ್ನುವಾಗ ಗಂಟಲು ಸರಿ ಮಾಡಿಕೊಂಡು ಒಂದು ಹುಬ್ಬು ಏರಿಸುತ್ತಿದ್ದರು, ಅಷ್ಟೇ ಅಂದಿದ್ದಳು. ಮೋನಪ್ಪ ರುಮಾಲನ್ನು ಎಡಕ್ಕೆ ವಾಲಿಸಿ ಸುತ್ತಿದ. ಅಡಿವೆಪ್ಪನ ಕಡೆ ತಿರುಗಿದ. ಗಂಟಲು ಸರಿ ಮಾಡಿಕೊಂಡ. ಒಂದು ಹುಬ್ಬು ಏರಿಸಿದ.

ಅಷ್ಟು ದೊಡ್ಡ ಮೀಸೆಯ ಅಡಿವೆಪ್ಪ ಕೂತಲ್ಲಿಂದ ಎದ್ದು ನಿಂತು ಎರಡೂ ಕೈ ಬೆನ್ನ ಹಿಂದೆ ಮುಚ್ಚಿಟ್ಟುಕೊಂಡ.

ಯಾಕೆ ಹಾಗೆ ಮಾಡಿದೆ ಅಂತ ಅವನಿಗೇ ಗೊತ್ತಾಗಲಿಲ್ಲ. ಕೈ ಮುಂದಕ್ಕೆ ತಂದು ನೋಡಿಕೊಂಡ, ಮಣ್ಣೇನೂ ಇರಲಿಲ್ಲ. ಆ ಹೊತ್ತಿಗೆ ಮೋನಪ್ಪ ರುಮಾಲನ್ನು ನೇರ ಮಾಡಿದ್ದ, ಹೆಗಲು ಇಳಿಸಿದ್ದ. ಕೆಳಗೆ ನೋಡಿದ, ತಲೆ ಎತ್ತಿದ, ಸುಮ್ಮನಾದ. ಬಾಗಿಲಲ್ಲಿ ನಿಂತ ದುಂಡವ್ವ ತಲೆಯ ಮೇಲೆ ಸೆರಗು ಎಳೆದುಕೊಂಡಳು.

ಮೋನಪ್ಪ ಮೀಸೆ ಕಿತ್ತು, ಬಣ್ಣ ಒರೆಸಿಕೊಂಡು ಕುಲಾಯಿ ಹಾಕಿಕೊಂಡ. ಎಲ್ಲರಿಗೂ ಅರ್ಥವಾಗಿತ್ತು. ಅಂಗಳದಲ್ಲಿದ್ದ ಒಬ್ಬೊಬ್ಬರೂ ತಮ್ಮ ತಮ್ಮ ಮನೆಯ ಗೋಡೆಯನ್ನು ನೆನೆಯುತ್ತಿದ್ದರು, ಯಾರೂ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಮೋನಪ್ಪ ನೆಲ ನೋಡುತ್ತ ಕೂತ. ಈಗ ಯಾರಾದರೂ ಒಬ್ಬ ಎದ್ದು ಹೋಗಿ ಪಟ ಇಳಿಸಿದರೆ ಸಂಜೆಯೊಳಗೆ ಊರಿನ ಗೋಡೆಗಳೆಲ್ಲ ಬೋಳು ಅಂತ ಅವನಿಗೆ ಗೊತ್ತಿತ್ತು.

ಮೊದಲು ಗೌಡ ಕೆಮ್ಮಿದ. "ನಮ್ಮನಿ ಪಟದ ಕಿವಿ ಹುಲಿ ಹರಿದದ್ದು," ಅಂದ. "ಅದು ಬ್ಯಾರೆ ಕಿವಿ."

"ನಮ್ಮದು ಹೋರಿ ಇರಿದದ್ದು," ಅಂದ ಕಮ್ಮಾರ. "ಅದೂ ಬ್ಯಾರೆ."

ನಮ್ಮತ್ತೆಯದು ಮಂಗ ಎಳೆದದ್ದು ಅಂದಳು ಒಬ್ಬಳು. ಹೀಗೆ ಒಬ್ಬರ ಹಿಂದೊಬ್ಬರು ತಮ್ಮ ಮನೆಯ ಕಿವಿಯನ್ನು ತಮ್ಮ ಮನೆಗೇ ಉಳಿಸಿಕೊಂಡರು. ಕೊನೆಗೆ ಎಲ್ಲರೂ ಅಡಿವೆಪ್ಪನ ಕಡೆ ನೋಡಿದರು. ಅವನು ಇನ್ನೂ ತನ್ನ ಅಂಗೈ ನೋಡಿಕೊಳ್ಳುತ್ತಿದ್ದ.

"ನಮ್ಮಪ್ಪಂದು ಕುಸ್ತ್ಯಾಗ ಹರಿದದ್ದು," ಅಂದ. ಆಮೇಲೆ ದನಿ ಇಳಿಸಿ ಮೋನಪ್ಪನನ್ನು ಕೇಳಿದ, "ಕಾಕಾ, ಹುಬ್ಬು ಇನ್ನೊಮ್ಮೆ ಏರಸ್ತೀಯೇನು?"

ಮೋನಪ್ಪ ಏರಿಸಿದ. ಎಲೆ ಅಡಿಕೆ ಕೈ ಬದಲಾಯಿತು. ಒಂದು ಪಟವೂ ಇಳಿಯಲಿಲ್ಲ.

ಆಮೇಲೆ ಬಹಳ ವರ್ಷ ಮೋನಪ್ಪ ಬದುಕಿದ ಅಂತಾರೆ, ಎಷ್ಟು ವರ್ಷ ಅಂತ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಅವನು ಹೋದ ದಿನ ಊರವರು ಅವನದೇ ಪಟಕ್ಕಾಗಿ ಅಂಗಡಿಯನ್ನೆಲ್ಲ ಜಾಲಾಡಿದರು. ಗೌಡ ಸಿಕ್ಕ, ಮೊಸರವ್ವ ಸಿಕ್ಕಳು, ರಾಣಿ ಸಿಕ್ಕಳು, ಎತ್ತೂ ಸಿಕ್ಕಿತು ಅಂತಾರೆ. ಮೋನಪ್ಪನಾಗಿ ಕೂತ ಮೋನಪ್ಪನ ಪಟ ಒಂದೂ ಸಿಗಲಿಲ್ಲ. ಮಾಲೆ ಕಟ್ಟಿಕೊಂಡು ಬಂದವರು ಮಾಲೆ ಹಿಡಿದುಕೊಂಡೇ ನಿಂತರು.

ಆಗ ನೀಲವ್ವ ಕಸಬರಿಗೆ ಇಟ್ಟು ಕ್ಯಾಮೆರಾ ಹದ ಮಾಡಿದಳು. ಅವನ ಕೋಟು ತೊಟ್ಟಳು, ಕೂದಲನ್ನು ಕೆಂಪು ಕುಲಾಯಿಯೊಳಗೆ ತೂರಿಸಿದಳು, ಕುರ್ಚಿಯಲ್ಲಿ ಕೂತು ಬುರುಡೆಯನ್ನು ಬಲಗಾಲಿನ ಅಡಿ ಸರಿಸಿಕೊಂಡಳು. ಬೆನ್ನು ಬಾಗಿರಲಿ ಅಂತ ಯಾರೋ ಅಂದರು. ಅಷ್ಟಲ್ಲ ಅಂತ ಮತ್ಯಾರೋ ಅಂದರು. ದುಂಡವ್ವ ಮುಪ್ಪಿನ ದನಿಯಲ್ಲಿ, ಬಾಯಿಬಿಟ್ಟು ಏನೂ ಅನ್ನುತ್ತಿರಲಿಲ್ಲ, ಎದುರಿಗೆ ಬಂದವರನ್ನು ತಲೆಯಿಂದ ಕಾಲಿನ ತನಕ ಒಮ್ಮೆ ನೋಡುತ್ತಿದ್ದ ಅಂದಳು. ನೀಲವ್ವ ಎಲ್ಲರನ್ನೂ ತಲೆಯಿಂದ ಕಾಲಿನ ತನಕ ಒಮ್ಮೆ ನೋಡಿದಳು.

ನೆರೆದ ಮಂದಿ ಒಬ್ಬರಿಗೊಬ್ಬರು ಹೇಳದೆ ರುಮಾಲು ಸರಿ ಮಾಡಿಕೊಂಡರು, ಸೆರಗು ತಿದ್ದಿಕೊಂಡರು, ಅಡಿವೆಪ್ಪ ಮೀಸೆ ಸವರಿಕೊಂಡ. ನೀಲವ್ವ ಒತ್ತಿದಳು.

ಆ ಪಟ ಈಗ ಎಲ್ಲಿದೆಯೋ, ಇದೆ ಅನ್ನುವವರೂ ಇದ್ದಾರೆ, ಇಲ್ಲ ಅನ್ನುವವರೂ ಇದ್ದಾರೆ. ರಬ್ಬರ್ ಬುರುಡೆ ಯಾವಾಗಲೋ ಒಣಗಿ ಪುಡಿಯಾಯಿತು. ಆದರೆ ಆ ಊರಲ್ಲಿ ಇವತ್ತಿಗೂ ಮದುವೆಯ ಫೋಟೋ ತೆಗೆಯುವ ಮುಂಚೆ ಮದುಮಗ ಮದುಮಗಳು ಬಲಗಾಲಿನ ಅಡಿ ಒಂದೊಂದು ನಿಂಬೆಹಣ್ಣು ಇಟ್ಟುಕೊಂಡು, ಮೇಲೆ ಪಂಜೆ ಸೀರೆ ಇಳಿಬಿಡುತ್ತಾರೆ. ಪೇಟೆಯಿಂದ ಬಂದ ಫೋಟೋದವನು ದೃಷ್ಟಿಗಿರಬೇಕು ಅಂದುಕೊಳ್ಳುತ್ತಾನೆ. ರೆಡಿ ಅಂತ ಅವನು ಕೂಗುತ್ತಾನೆ, ಇವರು ಅವನನ್ನು ಲೆಕ್ಕಕ್ಕೇ ಇಡುವುದಿಲ್ಲ. ಎದುರಿಗೆ ನಿಂತ ಮನೆಯವರ ಮುಖ ನೋಡುತ್ತ ಕಾಯುತ್ತಾರೆ, ಸರಿ ಅನಿಸಿದಾಗ ಕಾಲಿನಿಂದ ಮೆಲ್ಲಗೆ ನಿಂಬೆಹಣ್ಣು ಒತ್ತುತ್ತಾರೆ.